ನಿಲ್ಲಿಸಿ ನೋಡಿದ್ದು, ನೋಡುವುದನ್ನು ನಿಲ್ಲಿಸಿದ್ದು

ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಒಂದು ‘ಇಂಗ್’ ನನ್ನ ಮಾನ ಕಳೆಯಬಹುದೆಂದು ಎಣಿಸಿರಲಿಲ್ಲ. ಕಳೆಯಿತು. ಅದೂ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಆಫೀಸಿನಲ್ಲಿ, ಕಿರಗುಟ್ಟುವ ಫ್ಯಾನಿನ ಕೆಳಗೆ, ನನ್ನದೇ ಹಳೆಯ ವಿದ್ಯಾರ್ಥಿನಿಯ ಎದುರಿಗೆ. ಅಂದಿನಿಂದ ನನಗೆ ಸಿಟ್ಟು ಬಂದಿದೆ. ಯಾರ ಮೇಲೆ ಎಂದು ಈಗಲೇ ಕೇಳಬೇಡಿ. ಇಂಗ್ಲಿಷಿನ ಮೇಲೆ ಸ್ವಲ್ಪ, ಮೆಮೊ ಬರೆಯುವವರ ಮೇಲೆ ಸ್ವಲ್ಪ, ಪ್ರಶ್ನೆಪತ್ರಿಕೆ ತೆಗೆಯುವವರ ಮೇಲೆ ಸ್ವಲ್ಪ ಎಂದು ಹಂಚುತ್ತ ಹೋದರೆ ಕೊನೆಗೆ ನನ್ನ ಪಾಲಿಗೆ ಕಡಿಮೆ ಉಳಿದೀತೆಂಬ ಆಸೆಯಿಂದ ಬರೆಯಲು ಕೂತಿದ್ದೇನೆ.

ಕುರುಬರಹಳ್ಳಿಯ ನಮ್ಮ ಬೀದಿಗೆ ನಾನು ‘ಇಂಗ್ಲಿಷ್ ಮಿಸ್’. ಬ್ಯಾಂಕಿಗೆ ಕೊಡುವ ಅರ್ಜಿ, ಮಗುವಿನ ಸ್ಕೂಲಿಗೆ ರಜಾಚೀಟಿ, ನೀರು ಬರುತ್ತಿಲ್ಲವೆಂಬ ದೂರು, ಎಲ್ಲವೂ ಒಮ್ಮೆ ನಮ್ಮ ಮನೆಯ ಜಗಲಿಗೆ ಬಂದು ಹೋಗಬೇಕು. ನಾನು ಕನ್ನಡಕ ಏರಿಸಿ ಕೆಂಪು ಪೆನ್ನು ತೆಗೆದರೆ ಬಂದವರು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಆ ನಿಲ್ಲುವಿಕೆಯೇ ನನ್ನ ಸಂಭಾವನೆ. ಯಾರೂ ಕೊಡದಿದ್ದರೂ ನಾನೇ ತಿದ್ದುವುದೂ ಉಂಟು. ಮದುವೆಯ ಆಮಂತ್ರಣ ಬಂದರೆ ಹುಡುಗ ಹುಡುಗಿ ಯಾರೆಂದು ನೋಡುವ ಮೊದಲು ತಪ್ಪು ಹುಡುಕುತ್ತೇನೆ. ನೆಂಟರಲ್ಲಿ ನನ್ನನ್ನು ಮದುವೆಗೆ ಫೋನಿನಲ್ಲಷ್ಟೇ ಕರೆಯುವವರು ಹೆಚ್ಚುತ್ತಿದ್ದಾರೆ.

ನನ್ನ ಪ್ರೀತಿಯ ಪಾಠಗಳು ಎರಡು. ಒಂದು ಜೆರಂಡ್, ಇನ್ನೊಂದು ಹ್ಯಾವ್, ಹ್ಯಾಡ್ ಹಚ್ಚಿ ಹೇಳುವ ಪರ್ಫೆಕ್ಟ್ ಟೆನ್ಸ್. ಜೆರಂಡ್ ಎಂದರೆ ಗಾಬರಿ ಬೇಡ. ಕ್ರಿಯಾಪದದ ಬಾಲಕ್ಕೆ ‘ಇಂಗ್’ ಅಂಟಿಸಿ ಅದನ್ನು ನಾಮಪದದ ಹಾಗೆ ಕೂರಿಸುವುದು, ಅಷ್ಟೆ. ನಮ್ಮಲ್ಲಿಯೂ ಇದೆ, ನಮ್ಮದು ಇನ್ನೂ ಚೆಂದ. ಓಡು ಎನ್ನುವುದು ಓಟವಾಗುತ್ತದೆ, ನೋಡು ನೋಟವಾಗುತ್ತದೆ, ಆಡು ಆಟವಾಗುತ್ತದೆ. ಇಂಗ್ಲಿಷಿಗೆ ಆ ಕುಸುರಿ ಇಲ್ಲ. ಎಲ್ಲದಕ್ಕೂ ಒಂದೇ ಇಂಗ್. ಬೆಂಗಳೂರಿನವರಿಗೆ ಅದನ್ನು ಕಲಿಸಿದ್ದು ಶಾಲೆಯಲ್ಲ, ಗೋಡೆಗಳು. ನೋ ಪಾರ್ಕಿಂಗ್, ನೋ ಸ್ಮೋಕಿಂಗ್, ನೋ ಸ್ಪಿಟ್ಟಿಂಗ್. ವ್ಯಾಕರಣ ತಪ್ಪಿಲ್ಲದ ಈ ಬೋರ್ಡುಗಳ ಕೆಳಗೇ ಕಾರು ನಿಲ್ಲಿಸಿ, ಬೀಡಿ ಹಚ್ಚಿ, ಉಗಿದು ಹೋಗುವವರನ್ನು ಕಂಡಾಗಲೆಲ್ಲ ಜನ ಜೆರಂಡನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲವಲ್ಲ ಎಂದು ಕೊರಗಿದ್ದೇನೆ. ಒಂದು ಫ್ಯಾಕ್ಟರಿಯವರು ತೆಗೆದುಕೊಂಡರು. ಅದೇ ಆದ ಅನಾಹುತ.

ಅನಾಹುತಕ್ಕೆ ಸಿಕ್ಕಿದವಳು ಭಾಗ್ಯ. ನಾನು ಕಾಮಾಕ್ಷಿಪಾಳ್ಯದ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿದ್ದಾಗ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಲೆಕ್ಕದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಬರೀ ಪಾಸು. ಈಗ ಅವಳಿಗೆ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ. ಹನ್ನೆರಡು ವರ್ಷದಿಂದ ಅಲ್ಲೇ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಚೆಕರ್ ಕೆಲಸ. ಮಕ್ಕಳ ಅಂಗಿ ಹೊಲಿಯುವ ಸಾಲಿನ ಕೊನೆಯಲ್ಲಿ ನಿಂತು, ಒಂದೊಂದು ಅಂಗಿಯನ್ನೂ ತಿರುಗಿಸಿ, ಹೊಲಿಗೆ ಬಿಟ್ಟಿದೆಯೇ, ಗುಂಡಿ ಸಡಿಲವಿದೆಯೇ ಎಂದು ನೋಡುವುದು. ಅವಳೂ ನನ್ನಂತೆಯೇ, ಬೇರೆಯವರ ತಪ್ಪು ಹುಡುಕಿ ಬದುಕುವವಳು. ಆದರೆ ಅವಳಿಗೆ ಅದರ ಜಂಬವಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ನೇರ ನಮ್ಮ ಮನೆಗೆ ಬಂದಳು. ಕೈಯಲ್ಲಿ ಗೆರೆ ಹಾಕಿದ ಹಾಳೆ.

“ಮಿಸ್, ನಿನ್ನೆ ಲೈನು ಒಂದೂವರೆ ಗಂಟೆ ನಿಂತೋಯ್ತು. ಯಾಕೆ ನಿಲ್ಸಿದ್ದು ಅಂತ ಇಂಗ್ಲಿಷಲ್ಲಿ ಬರ್ಕೊಡ್ಬೇಕಂತೆ. ನಾನೇ ಬರ್ದಿದೀನಿ. ಒಂಚೂರು ನೋಡಿ.”

ಹೊಲಿಯುವಾಗ ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗುವವರೆಗೆ ಆ ಸಾಲಿನ ಒಂದು ಅಂಗಿಯೂ ಮುಂದೆ ಹೋಗಬಾರದೆಂಬುದು ಅಲ್ಲಿನ ನಿಯಮ. ಯಾವುದೋ ದೇಶದ ಯಾವುದೋ ಮಗುವಿನ ಕತ್ತಿಗೆ ಚುಚ್ಚಿದರೆ? ಹಿಂದಿನ ದಿನ ಸೂಜಿ ಮುರಿದಿತ್ತು, ಒಂದು ಚೂರು ಕಾಣೆಯಾಗಿತ್ತು. ಫ್ಲೋರ್ ಇನ್‌ಚಾರ್ಜ್ ಅಂದು ರಜೆ. ಭಾಗ್ಯ ತಾನೇ ಲೈನು ನಿಲ್ಲಿಸಿದ್ದಳು. ಇದಿಷ್ಟನ್ನೂ ಅವಳು ಐದು ಸಾಲಿನಲ್ಲಿ ಬರೆದಿದ್ದಳು.

ನಾನು ಪೆನ್ನು ತೆಗೆದೆ. ಮೊದಲ ಮೂರು ಸಾಲಿಗೆ ಸಣ್ಣಪುಟ್ಟ ರಿಪೇರಿ ಸಾಕಾಯಿತು. ನಾಲ್ಕನೇ ಸಾಲು: ‘ಐ ಸ್ಟಾಪ್ಡ್ ಟು ಚೆಕ್ ದಿ ಶರ್ಟ್ಸ್.’ ನನ್ನ ಹುಬ್ಬು ಏರಿತು. ‘ಎಂಜಾಯ್, ಅವಾಯ್ಡ್, ಫಿನಿಶ್, ಸ್ಟಾಪ್, ಇವುಗಳ ಮುಂದೆ ಟು ಬಾರದು, ಇಂಗ್ ಬರಬೇಕು’ ಎಂದು ಇದೇ ಹುಡುಗಿಗೆ ನಾನು ರಾಗವಾಗಿ ಹೇಳಿಕೊಟ್ಟಿರಲಿಲ್ಲವೇ? ‘ಟು ಚೆಕ್’ ಹೊಡೆದು ‘ಚೆಕಿಂಗ್’ ಮಾಡಿದೆ.

ಐದನೇ ಸಾಲು ‘ಯೆಸ್ಟರ್‌ಡೇ ಐ ಹ್ಯಾವ್ ಫೌಂಡ್’ ಎಂದು ಶುರುವಾಗಿತ್ತು. ಅಯ್ಯೋ ದೇವರೇ! ನಿನ್ನೆ ಎಂದ ಮೇಲೆ ಪರ್ಫೆಕ್ಟ್ ಬರುವುದುಂಟೇ? ನಮ್ಮವರ ತಪ್ಪಲ್ಲ ಬಿಡಿ, ಕನ್ನಡದಲ್ಲಿ ಬರುತ್ತದೆ. ‘ನಿನ್ನೆನೇ ಹಾಕಿದ್ದೀನಲ್ಲ ಆಂಟಿ’ ಎಂದು ಪೇಪರಿನವನು ಹೇಳಿದರೆ ಅವನ ಕಾಲಜ್ಞಾನವನ್ನು ಯಾರೂ ಪ್ರಶ್ನಿಸುವುದಿಲ್ಲ. ನಮಗೆ ನಿನ್ನೆಯ ಕೆಲಸವೂ ಇವತ್ತಿಗೆ ಅಂಟಿಕೊಂಡೇ ಇರುತ್ತದೆ. ಇಂಗ್ಲಿಷಿನವರದು ಹಾಗಲ್ಲ, ನಿನ್ನೆ ಎಂದರೆ ಬಾಗಿಲು ಹಾಕಿ ಚಿಲಕ ಜಡಿದಂತೆ. ಈ ವಿಷಯ ಕುರಿತು ಭಾಗ್ಯಳಿಗೆ ಐದು ನಿಮಿಷ ಉಪನ್ಯಾಸ ಕೊಟ್ಟೆ. ಅವಳು ಬೆಳಿಗ್ಗೆಯಿಂದ ನಿಂತ ಕಾಲಿನಲ್ಲೇ ನಿಂತು ಕೇಳಿದಳು. ಆ ಸಾಲನ್ನು ತಿದ್ದಲು ಹೊರಟರೆ ಹಾಳೆ ಕೆಂಪಾಗುತ್ತದೆ, ಪತ್ರ ಚಿಕ್ಕದಾಗಿದ್ದಷ್ಟೂ ಗೌರವ ಎಂದುಕೊಂಡು, ಅವಳಿಗೆ ಹೇಳದೆಯೇ, ಇಡೀ ಸಾಲಿಗೇ ಗೆರೆ ಎಳೆದುಬಿಟ್ಟೆ. ಶುದ್ಧಪ್ರತಿಯನ್ನು ನನ್ನ ಮುದ್ದಾದ ಅಕ್ಷರದಲ್ಲಿ ನಾನೇ ಬರೆದೆ.

“ಎಲ್ಲಾ ಬಂತಾ ಮಿಸ್?”

“ಬೇಕಾದ್ದೆಲ್ಲ ಬಂದಿದೆ ಕಣೇ. ಸಹಿ ಹಾಕು.”

ಹಾಕಿದಳು.

ನಾಲ್ಕು ದಿನದ ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಮತ್ತೆ ಬಂದಳು. ಆ ಹೊತ್ತಿಗೆ ಅವಳು ಲೈನಿನಲ್ಲಿರಬೇಕು. ಕಣ್ಣು ಕೆಂಪಗಿದ್ದವು. ಒಂದು ಕಾಗದ ಕೊಟ್ಟಳು. ಮೆಮೊ. ‘ಸೂಜಿಯ ಚೂರು ಕಾಣೆಯಾಗಿದ್ದರೂ ಅಂಗಿಗಳನ್ನು ಪರೀಕ್ಷಿಸುವುದನ್ನು ನಿಲ್ಲಿಸಿದೆನೆಂದು ನೀವೇ ಬರೆದು ಒಪ್ಪಿಕೊಂಡಿದ್ದೀರಿ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?’ ಎಂಬುದು ಅದರ ಇಂಗ್ಲಿಷಿನ ಸಾರಾಂಶ. ಗುರುವಾರ ಹನ್ನೊಂದಕ್ಕೆ ವಿಚಾರಣೆ. ಅಲ್ಲಿಯವರೆಗೆ ಫ್ಲೋರಿಗೆ ಕಾಲಿಡುವಂತಿಲ್ಲ.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಆ ಸಿಟ್ಟಿನಲ್ಲಿ ನಾನು ಮಾಡಿದ ಮೊದಲ ಕೆಲಸವನ್ನು ಹೇಳಲು ನಾಚಿಕೆಯಾಗುತ್ತದೆ. ಮೆಮೊದ ಇಂಗ್ಲಿಷ್ ತಿದ್ದಿದೆ. ‘ಯು ಹ್ಯಾಡ್ ಬೀನ್ ವರ್ಕಿಂಗ್ ವಿತ್ ಅಸ್ ಸಿನ್ಸ್ ಟ್ವೆಲ್ವ್ ಇಯರ್ಸ್’ ಅಂತೆ! ಹ್ಯಾಡ್ ಎಲ್ಲಿಂದ ಬಂತು? ಹ್ಯಾವ್ ಆಗಬೇಕು. ಸಿನ್ಸ್ ಯಾಕೆ? ಫಾರ್ ಆಗಬೇಕು. ಇಂಥ ಇಂಗ್ಲಿಷ್ ಬರೆಯುವವರು ನನ್ನ ಇಂಗ್ಲಿಷಿನಲ್ಲಿ ತಪ್ಪು ಹಿಡಿಯುತ್ತಾರೆಯೇ? ಭಾಗ್ಯ ನಾನು ಗೆರೆ ಎಳೆಯುವುದನ್ನೇ ನೋಡುತ್ತ ನಿಂತಿದ್ದವಳು ಮೆಲ್ಲಗೆ ಹೇಳಿದಳು:

“ಮಿಸ್, ನಾನು ನೋಡೋದು ನಿಲ್ಲಿಸ್ಲಿಲ್ಲ. ಲೈನು ನಿಲ್ಲಿಸಿ ನೋಡ್ದೆ. ಅವ್ರಿಗ್ಯಾಕೆ ಅದು ಅರ್ಥ ಆಗ್ಲಿಲ್ಲ?”

ಪೆನ್ನು ಅಲ್ಲೇ ನಿಂತಿತು. ಕನ್ನಡದಲ್ಲಿ ಅವಳು ಹೇಳಿದ ಆ ಎರಡು ವಾಕ್ಯಗಳ ನಡುವೆ ಎಷ್ಟು ದೂರವಿದೆಯೆಂದು ಎಳೆಯ ಮಗುವಿಗೂ ತಿಳಿಯುತ್ತದೆ. ನೋಡುವುದನ್ನು ನಿಲ್ಲಿಸಿದವಳು ಕೆಲಸಗಳ್ಳಿ. ನಿಲ್ಲಿಸಿ ನೋಡಿದವಳು ಪ್ರಾಮಾಣಿಕಳು. “ಅವ್ರಿಗೆ ಇಂಗ್ಲಿಷ್ ಬರಲ್ಲ ಕಣೇ. ಗುರುವಾರ ನಾನೇ ಬಂದು ಹೇಳ್ತೀನಿ, ನೀನು ಹೆದರ್ಕೋಬೇಡ” ಎಂದು ಅವಳನ್ನು ಕಳಿಸಿ, ಒಳಗೆ ಹೋಗಿ ಅಟ್ಟದ ಪೆಟ್ಟಿಗೆಯಿಂದ ನನ್ನ ಹಳೆಯ ವ್ಯಾಕರಣದ ಪುಸ್ತಕ ಇಳಿಸಿದೆ.

ಇತ್ತು. ಪುಟದ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಇತ್ತು. ಸ್ಟಾಪ್ ಆದ ಮೇಲೆ ಇಂಗ್ ಬಂದರೆ ಆ ಕೆಲಸವನ್ನೇ ಕೈಬಿಟ್ಟಂತೆ. ಟು ಬಂದರೆ ಆ ಕೆಲಸಕ್ಕಾಗಿ ಬೇರೇನನ್ನೋ ನಿಲ್ಲಿಸಿದಂತೆ. ಎರಡೂ ಸರಿ, ಅರ್ಥ ಮಾತ್ರ ಬೇರೆ. ಮೂವತ್ತೊಂದು ವರ್ಷ ನಾನು ಆ ಅಡಿಟಿಪ್ಪಣಿಯ ಮೇಲಿನ ಸಾಲಿನವರೆಗೆ ಪಾಠ ಮಾಡಿ ಪುಟ ಮಗುಚಿದ್ದೆ. ಯಾಕೆಂದರೆ ಪರೀಕ್ಷೆಗೆ ಅದು ಬರುತ್ತಿರಲಿಲ್ಲ! ಬಿಟ್ಟ ಸ್ಥಳ ತುಂಬಿರಿ ಎಂದು ಒಂದು ಅಂಕಕ್ಕೆ ಕೇಳುವವರಿಗೆ ಇಂಗ್ ಒಂದೇ ಉತ್ತರವಾಗಿರಬೇಕು. ಎರಡು ಉತ್ತರ ಬಂದರೆ ತಿದ್ದುವವರಿಗೆ ಕಷ್ಟ. ಸಾವಿರಾರು ಮಕ್ಕಳಿಗೆ ನಾನು ಆ ಒಂದಂಕದ ಇಂಗ್ಲಿಷ್ ಕಲಿಸಿದ್ದೇನೆ. ಯಾರ್ಯಾರು ಎಲ್ಲೆಲ್ಲಿ ಏನೇನನ್ನು ನಿಲ್ಲಿಸಿದೆವೆಂದು ಬರೆದುಕೊಟ್ಟಿದ್ದಾರೋ ಎಂದು ಬೆವರಿದೆ.

ಇಷ್ಟು ಗೊತ್ತಾದ ಮೇಲೆ ಭಾಗ್ಯಳಿಗೆ ಫೋನು ಮಾಡಿ ‘ತಪ್ಪು ನನ್ನದು’ ಎನ್ನಬೇಕಿತ್ತು. ಎರಡು ದಿನ ಸಿಕ್ಕಿತ್ತು. ಮಾಡಲಿಲ್ಲ. ಬದಲಿಗೆ ಅವಳು ಅಂದು ನನ್ನಲ್ಲೇ ಬಿಟ್ಟು ಹೋಗಿದ್ದ ಕರಡನ್ನು ಆ ಪುಟಕ್ಕೆ ಗುರುತಾಗಿ ಸಿಕ್ಕಿಸಿ, ನಾಲ್ಕನೇ ಸಾಲನ್ನು ಹತ್ತಾರು ಬಾರಿ ಓದಿ, ಹೇಗೆ ವಾದಿಸಿದರೆ ನನ್ನ ಇಂಗ್ ಉಳಿದೀತು ಎಂದು ಯೋಚಿಸಿದೆ. ಮನುಷ್ಯರು ಆಸ್ತಿಗಾಗಿ ಸುಳ್ಳು ಹೇಳುತ್ತಾರೆಂದು ಕೇಳಿದ್ದೆ. ಒಂದು ಪ್ರತ್ಯಯಕ್ಕಾಗಿಯೂ ಹೇಳಲು ತಯಾರಾಗುತ್ತಾರೆಂದು ತಿಳಿದದ್ದು ಆಗಲೇ.

ಗುರುವಾರ ಇಬ್ಬರೂ ಹೋದೆವು. ಪುಸ್ತಕ ನನ್ನ ಬ್ಯಾಗಿನಲ್ಲಿತ್ತು. ಎಚ್‌ಆರ್ ಕೋಣೆಯಲ್ಲಿ ಕೂತಿದ್ದವರು ಕಿರಣ್ ಎಂಬ ಮೂವತ್ತರ ಆಸುಪಾಸಿನ ಅಧಿಕಾರಿ. ಮರ್ಯಾದಸ್ಥರು. ನನ್ನ ವಯಸ್ಸು ನೋಡಿ ಎದ್ದು ಕುರ್ಚಿ ತೋರಿಸಿದರು.

“ಹೇಳಿ ಮೇಡಂ.”

ಅವರಿಗೂ ಕನ್ನಡ, ನಮಗೂ ಕನ್ನಡ, ಸೂಜಿ ಮುರಿದದ್ದೂ ಕನ್ನಡದವಳ ಕೈಯಲ್ಲಿ. ಮಧ್ಯೆ ಮೇಜಿನ ಮೇಲೆ ಮಾತ್ರ ಇಂಗ್ಲಿಷ್ ಮಲಗಿತ್ತು. ನನಗೆ ರೇಗಿತು. ಮೆಮೊವನ್ನೇ ಮೊದಲು ಎತ್ತಿಕೊಂಡೆ.

“ಹ್ಯಾಡ್ ಬೀನ್ ವರ್ಕಿಂಗ್ ಅಂದ್ರೆ ಹಿಂದೆ ಯಾವಾಗಲೋ ಮಾಡ್ತಿದ್ರು, ಆಮೇಲೆ ಮುಗಿದುಹೋಯ್ತು ಅಂತ. ನಿಮ್ಮ ವ್ಯಾಕರಣದ ಪ್ರಕಾರ ಇವಳು ಆಗಲೇ ಕೆಲಸ ಬಿಟ್ಟಾಗಿದೆ. ಬಿಟ್ಟವಳಿಗೆ ಎಂಥ ವಿಚಾರಣೆ ಸಾರ್?”

ಈ ಮಾತನ್ನು ನಾನು ಎರಡು ದಿನದಿಂದ ನಾಲಿಗೆಯ ಮೇಲೆ ಸಾಣೆ ಹಿಡಿದು ಇಟ್ಟುಕೊಂಡಿದ್ದೆ. ಕಿರಣ್ ಅವರ ಕಿವಿ ಕೆಂಪಾಯಿತು. ಕುರ್ಚಿಯಲ್ಲಿ ನೆಟ್ಟಗಾದರು.

“ಮೇಡಂ, ನಮ್ಮ ಇಂಗ್ಲಿಷ್ ಬಿಡಿ. ಇವರೇ ರೈಟಿಂಗಲ್ಲಿ ಕೊಟ್ಟಿದ್ದಾರೆ. ಸ್ಟಾಪ್ಡ್ ಚೆಕಿಂಗ್ ಅಂತ ಸಹಿ ಹಾಕಿದ್ದಾರೆ. ಎರಡು ಸಾವಿರ ಅಂಗಿ ತಡೆದಿಟ್ಟಿದೀವಿ. ಒಂದರಲ್ಲಿ ಸೂಜಿ ಇದ್ರೆ, ಅದು ಒಂದು ಮಗುಗೆ ಚುಚ್ಚಿದ್ರೆ ಯಾರು ಜವಾಬ್ದಾರಿ?”

ಮೇಜಿನ ಕೆಳಗೆ ಭಾಗ್ಯ ನನ್ನ ಸೆರಗು ಜಗ್ಗಿದಳು. “ಮಿಸ್, ಸುಮ್ನಿರಿ.” ಆಮೇಲೆ ಅವರ ಕಡೆ ತಿರುಗಿ ಹೇಳಿದಳು:

“ಸಾರ್, ಸೂಜಿ ಯಾವ ಅಂಗೀಲೂ ಇಲ್ಲ. ಸಿಕ್ತಲ್ಲ. ಮೂರನೇ ಬಂಡಲ್ಲು, ಕಾಲರ್ ಮಡಿಕೆ ಒಳಗೆ. ಬರ್ದಿದೀನಲ್ಲ ಸಾರ್.”

“ಎಲ್ಲಿ ಬರ್ದಿದೀರ?”

“ಕೊನೇ ಸಾಲಲ್ಲಿ.”

ಕಿರಣ್ ಪತ್ರವನ್ನು ತಿರುಗಿಸಿ ನೋಡಿದರು. ಹಿಂಬದಿ ಖಾಲಿ. ಅವಳ ಕಡೆ ಚಾಚಿದರು. ಭಾಗ್ಯ ಬೆರಳಿಟ್ಟು ಒಂದೊಂದೇ ಸಾಲು ಎಣಿಸಿದಳು. ನಾಲ್ಕು. ಮತ್ತೆ ಎಣಿಸಿದಳು. ಆಮೇಲೆ ನನ್ನ ಕಡೆ ನೋಡಿದಳು.

ನನ್ನ ಕೈ ತಾನಾಗಿ ಬ್ಯಾಗಿಗೆ ಹೋಯಿತು. ಪುಸ್ತಕದ ನಡುವಿನಿಂದ ಕರಡು ತೆಗೆದು ಮೇಜಿನ ಮೇಲೆ ಬಿಡಿಸಿದೆ. ಎರಡು ದಿನದಿಂದ ಆ ಹಾಳೆ ನನ್ನ ಕಣ್ಣೆದುರೇ ಇತ್ತು, ನಾಲ್ಕನೇ ಸಾಲನ್ನು ಬಾಯಿಪಾಠವಾಗುವಷ್ಟು ಓದಿದ್ದೆ, ಐದನೆಯದರ ಮೇಲೆ ಕಣ್ಣು ಹಾಯಿಸಿರಲಿಲ್ಲ. ಈಗ ನನ್ನದೇ ಕೆಂಪು ಗೆರೆಯ ಅಡಿಯಿಂದ ಅದನ್ನು ಓದಿದೆ. ‘ಯೆಸ್ಟರ್‌ಡೇ ಐ ಹ್ಯಾವ್ ಫೌಂಡ್ ಒನ್ ಸ್ಮಾಲ್ ಪೀಸ್ ಇನ್ಸೈಡ್ ಕಾಲರ್.’ ಅವಳು ಅದನ್ನು ಬರೆದ ದಿನ ನನಗೆ ಕಂಡದ್ದು ‘ಹ್ಯಾವ್’ ಮಾತ್ರ. ಏನು ಸಿಕ್ಕಿತು ಎಂದು ನಾನು ನೋಡಿಯೇ ಇರಲಿಲ್ಲ.

“ಸಾರ್,” ಎಂದೆ. “ಇದು ಅವಳು ಬರೆದದ್ದು. ಸರಿಯಾಗಿಯೇ ಬರೆದಿದ್ದಳು. ಟು ಚೆಕ್ ಅಂತಲೇ ಇತ್ತು. ಕೆಡಿಸಿದ್ದು ನಾನು. ಕೊನೆಯ ಸಾಲು ಹೊಡೆದದ್ದೂ ನಾನು. ನಾನು ಇಂಗ್ಲಿಷ್ ಟೀಚರು.”

ಆ ಕೊನೆಯ ವಾಕ್ಯವನ್ನು ನಾನು ಬದುಕಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ತಪ್ಪೊಪ್ಪಿಗೆಯಾಗಿ ಹೇಳಿದ್ದು ಅದೇ ಮೊದಲು.

ಕಿರಣ್ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. “ಚೂರು ಸಿಕ್ಕಿದ್ರೆ ಸೂಜಿ ರಿಜಿಸ್ಟರಲ್ಲಿ ಅಂಟಿಸಿರಬೇಕಲ್ಲ?” ಎಂದು ಭಾಗ್ಯಳನ್ನು ಕೇಳಿದರು.

“ಅಂಟಿಸಿದೀನಿ ಸಾರ್. ಅವತ್ತೇ.”

ರಿಜಿಸ್ಟರ್ ತರಿಸಿದರು. ಫ್ಲೋರಿನ ಕಪಾಟಿನಲ್ಲಿ, ಎಲ್ಲರ ಕೈಗೆ ಎಟಕುವಲ್ಲಿ, ಒಂದು ವಾರದಿಂದ ಬಿದ್ದಿದ್ದ ಪುಸ್ತಕ. ತೆಗೆದರೆ ಆ ದಿನದ ಪುಟದಲ್ಲಿ ಪಾರದರ್ಶಕ ಟೇಪಿನ ಕೆಳಗೆ ಸೂಜಿಯ ಮೂರು ಚೂರುಗಳು ಸಾಲಾಗಿ, ಸೇರಿಸಿದರೆ ಒಂದು ಪೂರ್ತಿ ಸೂಜಿಯಾಗುವಂತೆ. ಮೂರನೆಯದು ಅರ್ಧ ಎಳ್ಳಿನಷ್ಟಿತ್ತು. ಪಕ್ಕದಲ್ಲಿ ಕನ್ನಡದಲ್ಲಿ, ದುಂಡನೆಯ ಅಕ್ಷರದಲ್ಲಿ: ‘ಕಾಲರ್ ಒಳಗೆ ಸಿಕ್ಕಿತು. ಭಾಗ್ಯ.’

ಇದನ್ನು ನೆನೆದಾಗಲೆಲ್ಲ ನನ್ನ ರಕ್ತ ಕುದಿಯುತ್ತದೆ. ಎರಡು ಸಾವಿರ ಅಂಗಿಗಳಲ್ಲಿ ಅರ್ಧ ಎಳ್ಳಿನಷ್ಟು ಕಬ್ಬಿಣವನ್ನು ಬೆರಳ ತುದಿಯಿಂದ ತಡವಿ ಹುಡುಕಿದ ಹೆಂಗಸು ಒಬ್ಬಳು. ಅವಳು ಹುಡುಕಿದಳೋ ಇಲ್ಲವೋ ಎಂದು ತಿಳಿಯಲು ಓದು ಬಲ್ಲ ನಾವೆಲ್ಲ ಸೇರಿ ಇಂಗ್ ಹಿಡಿದು ಜಗ್ಗಾಡುತ್ತಿದ್ದೆವು. ಎದ್ದು ಹತ್ತು ಹೆಜ್ಜೆ ನಡೆದು ಕಪಾಟು ತೆಗೆಯಲು ಯಾರಿಗೂ ತೋಚಲಿಲ್ಲ. ಅವಳನ್ನು ಕೂರಿಸಿ ‘ಏನಮ್ಮಾ ಆಯ್ತು?’ ಎಂದು ಕೇಳಲು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ಬರೆದುಕೊಡು ಎನ್ನುವುದು ಅದಕ್ಕಿಂತ ಸುಲಭ. ಅದೂ ಅವಳಿಗೆ ಬಾರದ ಭಾಷೆಯಲ್ಲಿ ಬರೆದುಕೊಡು ಎಂದರೆ ಇನ್ನೂ ಸುಲಭ. ಉತ್ತರ ಕೇಳಿಸಿಕೊಳ್ಳುವ ಕಷ್ಟವೇ ಇರುವುದಿಲ್ಲ.

“ಇದನ್ನ ಅವತ್ತೇ ಯಾರಾದ್ರೂ ನೋಡಬೇಕಿತ್ತು,” ಎಂದರು ಕಿರಣ್. ಪೆನ್ನು ತೆಗೆಯುತ್ತ, “ನಾನೇ ನೋಡಬೇಕಿತ್ತು” ಎಂದರು. ಮೆಮೊದ ಮೇಲೆ ರದ್ದು ಎಂದು ಬರೆದು ಸಹಿ ಹಾಕಿದರು. ಹೊಸ ಹೇಳಿಕೆಯನ್ನು ಕನ್ನಡದಲ್ಲೇ ಬರೆದುಕೊಡಲು ಹೇಳಿದರು. ಇಂಗ್ಲಿಷ್ ಬೇಕಾದವರಿಗೆ ತಾನು ಮಾಡಿಸಿಕೊಡುತ್ತೇನೆಂದರು. ಭಾಗ್ಯ ಹತ್ತು ನಿಮಿಷದಲ್ಲಿ ಒಂದೂವರೆ ಪುಟ ಬರೆದಳು. ಅವಳಿಗೆ ಅಷ್ಟು ಹೇಳುವುದಿತ್ತೆಂದು ನನಗೆ ಗೊತ್ತಿರಲಿಲ್ಲ. ತಿದ್ದಲು ಯಾರೂ ನನ್ನನ್ನು ಕೇಳಲಿಲ್ಲ.

ಊಟದ ವಿರಾಮ ಮುಗಿದ ಮೇಲೆ ಲೈನಿಗೆ ಹೋಗಬಹುದೆಂದರು. ಗೇಟಿನವರೆಗೆ ನನ್ನನ್ನು ಬಿಡಲು ಬಂದ ಭಾಗ್ಯಳಿಗೆ ನಾನು ಏನೋ ಸಮಾಧಾನ ಹೇಳಹೊರಟೆ. ಪರೀಕ್ಷೆ, ಸಿಲೆಬಸ್ಸು, ಇರುವೆಯಂಥ ಅಕ್ಷರ. ಅವಳು ತಡೆದಳು.

“ಮಿಸ್, ಬೇಜಾರು ಮಾಡ್ಕೋಬೇಡಿ, ಹೇಳ್ಬಿಡ್ತೀನಿ. ನೀವು ನಾನು ಬರ್ದಿದ್ದನ್ನ ಓದ್ಲೇ ಇಲ್ಲ. ತಿದ್ದಿದ್ರಿ, ಅಷ್ಟೆ.”

ಹೇಳಿ ಒಳಗೆ ಹೋದಳು. ಬಸ್ ಸ್ಟಾಪಿನಲ್ಲಿ ನಿಂತು ನಾನು ಆ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಸಿಟ್ಟು ಹಂಚುವ ಕೆಲಸವೂ ಅಲ್ಲಿಗೇ ಕೆಟ್ಟಿತು. ಎಲ್ಲರ ಪಾಲು ಕೊಟ್ಟ ಮೇಲೂ ನನ್ನದು ಕಡಿಮೆಯಾಗಿರಲಿಲ್ಲ.

ಮೂರು ವಾರ ಅವಳು ಬರಲಿಲ್ಲ. ಬರುವುದಿಲ್ಲವೆಂದೇ ತಿಳಿದಿದ್ದೆ. ಒಂದು ಭಾನುವಾರ ಬೆಳಿಗ್ಗೆ ಗೇಟು ಸದ್ದಾಯಿತು. ಭಾಗ್ಯ, ಕೈಯಲ್ಲಿ ಮತ್ತೆ ಗೆರೆ ಹಾಕಿದ ಹಾಳೆ. ಮಗಳನ್ನು ಸ್ಕೂಲಿನಲ್ಲಿ ಕಾರಣವಿಲ್ಲದೆ ಹಿಂದಿನ ಬೆಂಚಿಗೆ ಹಾಕಿದ್ದಾರಂತೆ, ಹುಡುಗಿಗೆ ಬೋರ್ಡು ಕಾಣುವುದಿಲ್ಲವಂತೆ, ಹೆಡ್‌ಮಿಸ್‌ಗೆ ಪತ್ರ ಬರೆಯಬೇಕಂತೆ. ಹಾಳೆಯನ್ನು ಚಾಚಲೋ ಬೇಡವೋ ಎಂಬಂತೆ ಎದೆಗೊತ್ತಿ ಹಿಡಿದಿದ್ದಳು.

“ಅದನ್ನು ಒಳಗಿಡು,” ಎಂದೆ. “ಕೂತ್ಕೋ. ಕಾಫಿ ತರ್ತೀನಿ. ಏನಾಯ್ತು ಹೇಳು.”

ಹೇಳಿದಳು. ಮಗಳು ಮೊದಲ ದಿನ ಅತ್ತದ್ದು, ಟೀಚರು ಹೀಗೆಂದದ್ದು, ತಾನು ಹಾಗೆಂದುಕೊಂಡದ್ದು. ನಾನು ನಡುವೆ ಬಾಯಿ ಹಾಕಲಿಲ್ಲ. ನನಗದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಾಗಿರಬೇಕು. ಅರ್ಧ ಗಂಟೆಯಾಯಿತು. ಹೇಳುತ್ತ ಹೇಳುತ್ತ ಅವಳ ದನಿ ಗಟ್ಟಿಯಾಯಿತು. ಕೊನೆಗೆ ಲೋಟ ಕೆಳಗಿಟ್ಟು ಎದ್ದಳು.

“ಪತ್ರ ಬೇಡ ಬಿಡಿ ಮಿಸ್. ನಾಳೆ ನಾನೇ ಹೋಗಿ ಮಾತಾಡ್ತೀನಿ.”

ಗೇಟಿನಲ್ಲಿ ನಿಂತು ನೋಡಿದೆ. ನಾಳೆ ಆಡಬೇಕಾದ ಮಾತನ್ನು ಅವಳು ಬೀದಿಯುದ್ದಕ್ಕೂ ಕೈ ಬೀಸುತ್ತ, ಜೋರಾಗಿಯೇ, ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದಳು. ನಡುನಡುವೆ ಇಂಗ್ಲಿಷೂ ಇತ್ತು. ಒಂದೆರಡು ಕಡೆ ವ್ಯಾಕರಣ ತಪ್ಪಿತು. ಕೇಳುವವರಿಗೆ ಅರ್ಥವಾಗದಿರಲು ಮಾತ್ರ ಸಾಧ್ಯವೇ ಇರಲಿಲ್ಲ.